ಲೀಗಲ್ ಇಂಗ್ಲಿಷ್ ಆನ್‌ಲೈನ್ ಕೋರ್ಸ್: ಯಾವುದು ಯಾರಿಗೆ ಸರಿ

ಇಂಗ್ಲಿಷ್ ಪತ್ರಿಕೆ, ಕಾದಂಬರಿ ಎಲ್ಲ ಸರಾಗವಾಗಿ ಓದುವವರು ಕೂಡ ಹತ್ತು ಪುಟದ ಒಂದು ಕರಾರು ಕೈಗೆ ಬಂದರೆ ಎರಡನೇ ಪುಟಕ್ಕೇ ಸುಸ್ತಾಗುತ್ತಾರೆ. ಪದಗಳೇನೋ ಗೊತ್ತಿರುವಂಥವೇ. ಕನ್ಸಿಡರೇಷನ್, ಎಕ್ಸಿಕ್ಯೂಟ್, ಆಕ್ಷನ್. ಆದರೆ ಕಾನೂನಿನಲ್ಲಿ ಕನ್ಸಿಡರೇಷನ್ ಅಂದರೆ ಒಬ್ಬರು ಕೊಟ್ಟ ಮಾತಿಗೆ ಪ್ರತಿಯಾಗಿ ಇನ್ನೊಬ್ಬರು ಕೊಡುವ ಹಣ, ವಸ್ತು ಅಥವಾ ಭರವಸೆ. ಎಕ್ಸಿಕ್ಯೂಟ್ ಅಂದರೆ ಸಹಿ ಮಾಡಿ ದಾಖಲೆಗೆ ಬಲ ಕೊಡುವುದು. ಆಕ್ಷನ್ ಅಂದರೆ ದಾವೆ. ಇದರ ಜೊತೆಗೆ ಒಂದೊಂದು ವಾಕ್ಯವೂ ಅರ್ಧ ಪುಟ ಹರಿಯುತ್ತದೆ. ಕಾನೂನು ವಿದ್ಯಾರ್ಥಿಗಳು, ವಕೀಲರು, ಅನುವಾದಕರು, ಕಂಪನಿಗಳಲ್ಲಿ ಕಾಂಟ್ರಾಕ್ಟ್ ನೋಡಿಕೊಳ್ಳುವವರು ಲೀಗಲ್ ಇಂಗ್ಲಿಷ್ ಕೋರ್ಸ್ ಹುಡುಕಿಕೊಂಡು ಹೋಗುವುದು ಇದಕ್ಕೇ.

ಹುಡುಕಿದರೆ ಕೋರ್ಸ್‌ಗಳಿಗೆ ಬರವಿಲ್ಲ. ನಾಲ್ಕಾರು ಸಿಲೆಬಸ್ ತೆರೆದು ಪಕ್ಕಪಕ್ಕ ಇಟ್ಟು ನೋಡಿ. ಕಾಂಟ್ರಾಕ್ಟ್, ಟಾರ್ಟ್ (ಕರಾರಿಲ್ಲದೆಯೂ ಒಬ್ಬರಿಂದ ಇನ್ನೊಬ್ಬರಿಗಾದ ಹಾನಿಗೆ ಪರಿಹಾರದ ಕಾನೂನು), ಕಂಪನಿ ಕಾನೂನು, ಉದ್ಯೋಗ ಕಾನೂನು, ಆಸ್ತಿ, ಬೌದ್ಧಿಕ ಆಸ್ತಿ, ಕಕ್ಷಿದಾರರಿಗೆ ಪತ್ರ ಬರೆಯುವುದು. ಎಲ್ಲದರಲ್ಲೂ ಹೆಚ್ಚು ಕಡಿಮೆ ಇವೇ ಇರುತ್ತವೆ. ಹಾಗಾಗಿ ಸಿಲೆಬಸ್ ನೋಡಿ ಕೋರ್ಸ್ ಆರಿಸುವುದರಲ್ಲಿ ಅರ್ಥವಿಲ್ಲ. ನಿಜವಾದ ವ್ಯತ್ಯಾಸ ಇರುವುದು ಒಂದೇ ಕಡೆ: ನೀವು ಬರೆದದ್ದನ್ನು ಯಾರು ಓದಿ ತಿದ್ದುತ್ತಾರೆ, ಎಷ್ಟು ಸಲ ತಿದ್ದುತ್ತಾರೆ. ಈ ಬರಹದಲ್ಲಿ ಎಲ್ಲ ಬಗೆಯ ಕೋರ್ಸ್‌ಗಳನ್ನೂ ನಾನು ಈ ಅಳತೆಯಿಂದಲೇ ನೋಡಿದ್ದೇನೆ.

ಭಾಷೆಯ ಕೋರ್ಸೋ, ಕಾನೂನಿನ ಕೋರ್ಸೋ

ಇವೆರಡನ್ನೂ ಒಂದೇ ಅಂದುಕೊಂಡು ದುಡ್ಡು ಕಟ್ಟುವವರು ಬಹಳ ಜನ. ಲಂಡನ್ ವಿಶ್ವವಿದ್ಯಾಲಯ ಕೋರ್ಸೆರಾ ಅನ್ನುವ ಆನ್‌ಲೈನ್ ತಾಣದಲ್ಲಿ ಇಂಗ್ಲಿಷ್ ಕಾಮನ್ ಲಾ, ಅಂದರೆ ಕೋರ್ಟಿನ ತೀರ್ಪುಗಳ ಮೇಲೆ ಬೆಳೆದ ಕಾನೂನು ವ್ಯವಸ್ಥೆ, ಅದರ ಬಗ್ಗೆ ಒಂದು ಕೋರ್ಸ್ ಕೊಟ್ಟಿದೆ. ಅದು ಕಾನೂನಿನ ಕೋರ್ಸ್. ನ್ಯಾಯಾಲಯಗಳ ಶ್ರೇಣಿ, ಹಳೆಯ ತೀರ್ಪುಗಳಿಗೆ ಯಾಕೆ ಅಷ್ಟು ಬೆಲೆ, ಕಾಯಿದೆಯನ್ನು ಕೋರ್ಟ್ ಹೇಗೆ ಅರ್ಥೈಸುತ್ತದೆ, ಇಂಥವನ್ನು ತಿಳಿಯಲು ಒಳ್ಳೆಯದು. ಆದರೆ ಇಂಥ ಕೋರ್ಸ್ ಮುಗಿಸಿದ ಮಾತ್ರಕ್ಕೆ ಒಂದು ಲೀಗಲ್ ನೋಟಿಸ್ ಬರೆಯಲು ಬರುವುದಿಲ್ಲ. ಅದರ ಕೆಲಸವೂ ಅದಲ್ಲ.

ಹಾಗಂತ ಕಾನೂನಿನ ಕೋರ್ಸ್ ದಂಡ ಅಂತಲ್ಲ. ಫ್ರಾನ್ಸ್, ಜರ್ಮನಿಯಂಥ ಸಂಹಿತೆ ಆಧಾರಿತ ವ್ಯವಸ್ಥೆಯಲ್ಲಿ ಓದಿದವರಿಗೆ ಟ್ರಸ್ಟ್, ಎಸ್ಟಾಪೆಲ್, ಈಕ್ವಿಟಿ ಇವುಗಳ ಇಂಗ್ಲಿಷ್ ಪದ ಗೊತ್ತಾಗುವ ಮುಂಚೆ ಆ ಕಲ್ಪನೆ ಗೊತ್ತಾಗಬೇಕು. ಅವರು ಮೊದಲು ಇಂಥದ್ದೊಂದನ್ನು ಉಚಿತವಾಗಿ ನೋಡಿ, ಆಮೇಲೆ ಭಾಷೆಯ ಕೋರ್ಸ್‌ಗೆ ಬರುವುದು ಒಳ್ಳೆಯದು. ಕಾಮನ್ ಲಾ ಓದಿ ಬಂದವರು ಈ ಹೆಜ್ಜೆಯನ್ನು ಬಿಡಬಹುದು.

ಇನ್ನೊಂದು ಮಾತು. ನಿಮ್ಮ ಸಾಮಾನ್ಯ ಇಂಗ್ಲಿಷ್ ಯೂರೋಪಿನ ಸಿಇಎಫ್ಆರ್ ಅಳತೆಯಲ್ಲಿ ಬಿ2 (ಆರು ಹಂತಗಳಲ್ಲಿ ನಾಲ್ಕನೆಯದು) ಮುಟ್ಟಿಲ್ಲದಿದ್ದರೆ ಲೀಗಲ್ ಇಂಗ್ಲಿಷ್‌ಗೆ ಈಗಲೇ ಕೈ ಹಾಕಬೇಡಿ. ಕಾಲಗಳು, ಆರ್ಟಿಕಲ್, ಪ್ರಿಪೊಸಿಷನ್ ಇವೇ ಅಲ್ಲಾಡುತ್ತಿರುವಾಗ ಇಂಡೆಮ್ನಿಟಿ (ನಷ್ಟ ತುಂಬಿಕೊಡುವ ಭರವಸೆ) ಕಲಮು ಬರೆಯಲು ಕೂತರೆ ಎರಡೂ ಕೈಗೆ ಹತ್ತುವುದಿಲ್ಲ. ಆರಂಭದಲ್ಲಿ ಮಟ್ಟ ಅಳೆಯದೆ ಎಲ್ಲರನ್ನೂ ಸೇರಿಸಿಕೊಳ್ಳುವ ಕೋರ್ಸ್ ಕಂಡರೆ ನನಗಂತೂ ಅನುಮಾನ.

ಬ್ರಿಟಿಷೋ, ಅಮೆರಿಕನ್ನೋ

ಇದನ್ನು ನಿಮ್ಮ ಮೇಜಿನ ಮೇಲೆ ಬರುವ ಕಾಗದಗಳೇ ತೀರ್ಮಾನ ಮಾಡಬೇಕು. ಅಮೆರಿಕದ ಕಂಪನಿಗಳ ಕೆಲಸ ಮಾಡುವವರಿಗೆ ಅಟಾರ್ನಿ, ಬೈಲಾಸ್, ಸ್ಟಾಕ್ ಬೇಕು. ಇಂಗ್ಲೆಂಡಿನ ಕಡೆಯದಾದರೆ ಸಾಲಿಸಿಟರ್, ಬ್ಯಾರಿಸ್ಟರ್, ಆರ್ಟಿಕಲ್ಸ್ ಆಫ್ ಅಸೋಸಿಯೇಷನ್, ಶೇರ್ ಬೇಕು. ಕೇಸಿನ ಹೆಸರು ಓದುವುದರಲ್ಲೂ ವ್ಯತ್ಯಾಸ ಇದೆ. ಎರಡು ಹೆಸರುಗಳ ನಡುವಿನ ಆ ಒಂಟಿ ಅಕ್ಷರ 'ವಿ'ಯನ್ನು ಇಂಗ್ಲೆಂಡಿನ ವಕೀಲರು ಸಿವಿಲ್ ಕೇಸಿನಲ್ಲಿ 'ಅಂಡ್' ಅಂತ ಓದುತ್ತಾರೆ, ಕ್ರಿಮಿನಲ್ ಕೇಸಿನಲ್ಲಿ 'ಅಗೆನ್ಸ್ಟ್' ಅಂತ. ಅಮೆರಿಕದಲ್ಲಿ 'ವರ್ಸಸ್' ಅಥವಾ ಸುಮ್ನೆ 'ವಿ'. ಕೇಳಲು ಚಿಕ್ಕ ವಿಷಯ. ಆದರೆ ವಿಡಿಯೊ ಕಾಲ್‌ನಲ್ಲಿ ಎದುರಿನವರು ಏನು ಹೇಳಿದರು ಅನ್ನುವುದೇ ಗೊತ್ತಾಗದಿದ್ದರೆ ಕಷ್ಟ ಅಲ್ವಾ.

ಎರಡನ್ನೂ ಕಲಿಸುತ್ತೇವೆ ಅನ್ನುವ ಕೋರ್ಸ್‌ಗಳು ಸಾಕಷ್ಟಿವೆ. ಪದ ಬಂದಾಗೆಲ್ಲ ಇದು ಎಲ್ಲಿಯದು ಅಂತ ಗುರುತು ಹಾಕಿ ಕೊಡುವುದಾದರೆ ಸರಿ. ಕಲಬೆರಕೆ ಮಾಡಿ ಕೊಟ್ಟರೆ ಬೇಡ.

ಪಾಠ ಹಳೆಯದೋ ಹೊಸದೋ ಅಂತ ತಿಳಿಯಲು ಇಲ್ಲೇ ಒಂದು ಸುಲಭ ಪರೀಕ್ಷೆ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1999ರ ಏಪ್ರಿಲ್ 26ರಂದು ಹೊಸ ಸಿವಿಲ್ ಪ್ರೊಸೀಜರ್ ರೂಲ್ಸ್ ಜಾರಿಗೆ ಬಂದವು. ಅಂದಿನಿಂದ ದಾವೆ ಹೂಡುವವರು ಅಲ್ಲಿ 'ಪ್ಲೇಂಟಿಫ್' ಅಲ್ಲ, 'ಕ್ಲೇಮೆಂಟ್'. ದಾವೆ ಶುರುವಾಗುವುದು 'ರಿಟ್'ನಿಂದ ಅಲ್ಲ, 'ಕ್ಲೇಮ್ ಫಾರ್ಮ್'ನಿಂದ. ಅಮೆರಿಕದಲ್ಲಿ ಪ್ಲೇಂಟಿಫ್ ಇಂದಿಗೂ ಪ್ಲೇಂಟಿಫೇ. ಇಂಗ್ಲೆಂಡಿನ ಸಿವಿಲ್ ದಾವೆಯ ಪಾಠ ಅಂತ ಹೇಳಿ ಇವತ್ತಿಗೂ ಪ್ಲೇಂಟಿಫ್, ರಿಟ್ ಅಂತ ಕಲಿಸುತ್ತಿದ್ದರೆ ಆ ಪಾಠವನ್ನು ಕಾಲು ಶತಮಾನದಿಂದ ಯಾರೂ ತಿರುಗಿ ನೋಡಿಲ್ಲ ಅಂತ ಅರ್ಥ.

'ಶಾಲ್' ಇನ್ನೊಂದು ಪರೀಕ್ಷೆ. ಅಮೆರಿಕದ ಫೆಡರಲ್ ಸಿವಿಲ್ ನಿಯಮಗಳನ್ನು 2007ರಲ್ಲಿ ಸರಳ ಭಾಷೆಗೆ ತಿದ್ದಿ ಬರೆದಾಗ 'ಶಾಲ್' ತೆಗೆದು 'ಮಸ್ಟ್', 'ಮೇ', 'ಷುಡ್' ಹಾಕಿದರು. ಒಂದೇ ಪದ ಕೆಲವು ಕಡೆ ಕಡ್ಡಾಯ ಅಂತಲೂ ಕೆಲವು ಕಡೆ ಮಾಡಬಹುದು ಅಂತಲೂ ಅರ್ಥ ಕೊಟ್ಟು ಗೊಂದಲವಾಗಿತ್ತು. ಆದರೆ ಕರಾರುಗಳಲ್ಲಿ ಶಾಲ್ ಈಗಲೂ ಗಟ್ಟಿಯಾಗಿ ಕೂತಿದೆ. ಒಳ್ಳೆಯ ಕೋರ್ಸ್ ಎರಡನ್ನೂ ಹೇಳುತ್ತದೆ. ಕಾನೂನಿನ ಇಂಗ್ಲಿಷ್ ಅಂದರೆ ವಾಕ್ಯಕ್ಕೊಂದು ಶಾಲ್ ಅಂತ ಕಲಿಸುವುದು ಕೆಟ್ಟ ಕೋರ್ಸ್.

ಜೋಡಿ ಪದಗಳದ್ದೂ ಇದೇ ಕಥೆ. 'ವಿಲ್ ಅಂಡ್ ಟೆಸ್ಟಮೆಂಟ್', 'ಬ್ರೇಕಿಂಗ್ ಅಂಡ್ ಎಂಟರಿಂಗ್' ಹೀಗೆ ಬೇರೆ ಬೇರೆ ಭಾಷೆಯಿಂದ ಬಂದ ಎರಡು ಪದ ಜೋಡಿಸಿದವು ಇಂಗ್ಲೆಂಡಿನ ಭಾಷಾ ಇತಿಹಾಸ ಬಿಟ್ಟು ಹೋದ ಗುರುತುಗಳು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಕಾನೂನಿನ ಬಾಯಲ್ಲಿ ಫ್ರೆಂಚ್ ಬಂತು, ಕಡತದಲ್ಲಿ ಲ್ಯಾಟಿನ್ ಉಳಿಯಿತು. ಕೋರ್ಟಿನಲ್ಲಿ ಇಂಗ್ಲಿಷ್‌ನಲ್ಲೇ ವಾದಿಸಿ ಅಂತ 1362ರಲ್ಲಿ ಕಾಯಿದೆ ಬಂದರೂ, ಕಡತಗಳಿಂದ ಲ್ಯಾಟಿನ್ ಪೂರ್ತಿ ಹೋಗಲು 1733 ಆಗಬೇಕಾಯಿತು. ಈ ಜೋಡಿಗಳನ್ನು ಉರು ಹೊಡೆಸುವ ಪಾಠಕ್ಕಿಂತ ಎಲ್ಲಿ ಒಂದೇ ಪದ ಸಾಕು ಅಂತ ಹೇಳಿಕೊಡುವ ಪಾಠ ಹತ್ತು ಪಾಲು ಉಪಯೋಗ.

ರೆಕಾರ್ಡ್ ಮಾಡಿದ ಪಾಠಗಳು

ಎಲ್ಲಕ್ಕಿಂತ ಅಗ್ಗ. ಬೇಕಾದಾಗ ನೋಡಬಹುದು, ಅರ್ಥವಾಗದ್ದನ್ನು ಮತ್ತೆ ಹಾಕಿಕೊಳ್ಳಬಹುದು. ಓದಿ ಅರ್ಥ ಮಾಡಿಕೊಂಡರೆ ಸಾಕು, ಬರೆಯುವ ಕೆಲಸ ನನ್ನದಲ್ಲ ಅನ್ನುವವರಿಗೆ ಇದು ಧಾರಾಳವಾಗಿ ಸಾಕು.

ತೊಂದರೆ ಎರಡು. ಒಂದು, ಮುಗಿಸುವುದು. ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸ್ ಅನ್ನುವ ಆನ್‌ಲೈನ್ ತಾಣದಲ್ಲಿ ಕೊಟ್ಟ ಕೋರ್ಸ್‌ಗಳ ಬಗ್ಗೆ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೆಕ್ಕ ಬಂದಿತ್ತು. 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಮೂರು ಚಿಲ್ಲರೆ. ಪ್ರಮಾಣಪತ್ರಕ್ಕೆ ದುಡ್ಡು ಕಟ್ಟಿದವರಲ್ಲಿ ಮುಗಿಸಿದವರು ನೂರಕ್ಕೆ 46. ಅದು ಎಲ್ಲ ವಿಷಯಗಳ ಲೆಕ್ಕ, ಲೀಗಲ್ ಇಂಗ್ಲಿಷ್‌ನದ್ದು ಮಾತ್ರ ಅಲ್ಲ. ಮೊದಲೇ ಗಟ್ಟಿ ಮನಸ್ಸು ಮಾಡಿದವರೇ ದುಡ್ಡು ಕಟ್ಟುತ್ತಾರೆ ಅನ್ನುವುದೂ ನಿಜ. ಆದರೂ ಉಚಿತ ಅಂತ ಐದು ಕೋರ್ಸ್‌ಗೆ ಹೆಸರು ಕೊಡುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಎರಡನೆಯದು ದೊಡ್ಡದು. ರೆಕಾರ್ಡ್ ಪಾಠದಲ್ಲಿ ನಿಮ್ಮನ್ನು ಪರೀಕ್ಷೆ ಮಾಡುವುದು ಕ್ವಿಜ್. 'ಲಯಬಲ್' ಆದ ಮೇಲೆ 'ಫಾರ್' ಬರುತ್ತದೋ 'ಟು' ಬರುತ್ತದೋ, 'ಇನ್ ಬ್ರೀಚ್' ಮುಂದೆ ಏನು ಬರುತ್ತದೆ, ಹೊಂದಿಸಿ ಬರೆಯಿರಿ. ನೂರಕ್ಕೆ ತೊಂಬತ್ತು ಬರುತ್ತದೆ, ಖುಷಿಯಾಗುತ್ತದೆ. ಆಮೇಲೆ ಖಾಲಿ ಹಾಳೆಯ ಮೇಲೆ ಎದುರು ಕಕ್ಷಿಗೆ ಒಂದು ಪತ್ರ ಬರೆಯಬೇಕಾದಾಗ ಮೊದಲ ಸಾಲೇ ಹೊರಡುವುದಿಲ್ಲ. ಗುರುತಿಸುವುದು ಬೇರೆ, ಕಟ್ಟುವುದು ಬೇರೆ.

ಲೈವ್ ಬ್ಯಾಚ್

ಇಲ್ಲಿ ಮೊದಲು ಗುಣಾಕಾರ ಭಾಗಾಕಾರ ಮಾಡಿ. ಒಂದು ಗಂಟೆಯ ತರಗತಿ, ಹನ್ನೆರಡು ಜನ. ಮೇಷ್ಟ್ರು ಬಾಯಿ ತೆರೆಯದೆ ಕೂತರೂ ನಿಮಗೆ ಸಿಗುವುದು ಐದು ನಿಮಿಷ. ಅವರು ಅರ್ಧ ಗಂಟೆ ಮಾತಾಡಿದರೆ ಎರಡೂವರೆ. ಬ್ಯಾಚ್ ಎಷ್ಟು ದೊಡ್ಡದು ಅಂತ ಕೇಳಿದಾಗ 'ಸ್ಮಾಲ್ ಗ್ರೂಪ್' ಅನ್ನುವ ಉತ್ತರ ಬಂದರೆ ಒಪ್ಪಬೇಡಿ, ಸಂಖ್ಯೆ ಕೇಳಿ. ಆರರವರೆಗೆ ಇದ್ದರೆ ಲೈವ್ ತರಗತಿಗೆ ಅರ್ಥ ಇದೆ. ಇಪ್ಪತ್ತೈದು ಜನರ ಲೈವ್ ಅಂದರೆ ಅದು ಸಮಯಕ್ಕೆ ಸರಿಯಾಗಿ ಕೂತು ನೋಡಬೇಕಾದ ರೆಕಾರ್ಡಿಂಗ್, ಅಷ್ಟೇ.

ಚಿಕ್ಕ ಬ್ಯಾಚ್ ಆದರೆ ಬಾಯಿ ಬಿಡಬೇಕಾದ ಕೆಲಸಗಳಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಕಕ್ಷಿದಾರರನ್ನು ಮಾತಾಡಿಸುವುದು, ಕರಾರಿನ ಷರತ್ತುಗಳ ಮೇಲೆ ಚೌಕಾಸಿ, ಮಧ್ಯಸ್ಥಿಕೆ, ವಾದ. ಒಬ್ಬರು ಮಾರುವವರ ಕಡೆ, ಒಬ್ಬರು ಕೊಳ್ಳುವವರ ಕಡೆ ಕೂತು ಜಗಳವಾಡಿದರೆ ಬರುವ ಭಾಷೆ ಯಾವ ವಿಡಿಯೊದಿಂದಲೂ ಬರುವುದಿಲ್ಲ. ಬೇರೆ ಬೇರೆ ದೇಶದವರು ಇದ್ದರೆ ಇನ್ನೂ ಒಳ್ಳೆಯದು. ಸಮಯ ವಲಯ ಹೊಂದುತ್ತದೋ ಅಂತ ಮಾತ್ರ ನೋಡಿಕೊಳ್ಳಿ. ನಡುರಾತ್ರಿಯ ತರಗತಿಗೆ ಎರಡು ವಾರ ಹೋಗಬಹುದು, ಮೂರು ತಿಂಗಳು ಆಗುವುದಿಲ್ಲ.

ಪರೀಕ್ಷೆಗೆ ತಯಾರು ಮಾಡುವ ಕೋರ್ಸ್

ಲೀಗಲ್ ಇಂಗ್ಲಿಷ್‌ಗೆ ಅಂತಲೇ ಇರುವ ಪರೀಕ್ಷೆಗಳಲ್ಲಿ ಹೆಸರಾದದ್ದು ಟೋಲ್ಸ್. ಅದರಲ್ಲಿ ಫೌಂಡೇಷನ್, ಹೈಯರ್, ಅಡ್ವಾನ್ಸ್ಡ್ ಅಂತ ಮೂರು ಹಂತ. ಕೇಂಬ್ರಿಜ್‌ನವರದ್ದೂ ಐಲೆಕ್ ಅಂತ ಒಂದಿತ್ತು. 2006ರಲ್ಲಿ ಶುರುವಾಗಿ 2016ರ ಕೊನೆಗೆ ನಿಂತು ಹೋಯಿತು. ಅದಕ್ಕೆ ಬರೆದ ಅಭ್ಯಾಸದ ಪಾಠಗಳು ಇಂದಿಗೂ ಓಡಾಡುತ್ತಿವೆ. ಅಭ್ಯಾಸಕ್ಕೆ ಅವು ಚೆನ್ನಾಗಿಯೇ ಇವೆ. ಆದರೆ 'ಐಲೆಕ್ ಸರ್ಟಿಫಿಕೇಟ್‌ಗೆ ತಯಾರಿ' ಅಂತ ಈಗಲೂ ಯಾರಾದರೂ ಮಾರುತ್ತಿದ್ದರೆ ದೂರ ಇರಿ.

ಪರೀಕ್ಷೆಯ ಲಾಭ ಅಂದರೆ ಗಡುವು. ಶುಲ್ಕ ಕಟ್ಟಿ ದಿನಾಂಕ ಗೊತ್ತಾದರೆ ಓದುತ್ತೇವೆ, ನಮ್ಮ ಸ್ವಭಾವವೇ ಹಾಗೆ. ಒಬ್ಬ ಹೊರಗಿನವರು ಅಳೆದು ಕೊಟ್ಟ ಅಂಕ ಇರುತ್ತದೆ. ಕೋರ್ಸ್ ನಡೆಸುವವರೇ ಕೊಡುವ ಹಾಜರಿ ಪತ್ರಕ್ಕಿಂತ ಇದಕ್ಕೆ ತೂಕ ಜಾಸ್ತಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಇದೆ. ಹೊರದೇಶದಲ್ಲಿ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಓದಲು ಲೀಗಲ್ ಇಂಗ್ಲಿಷ್ ಪರೀಕ್ಷೆ ಪಾಸಾದರೆ ಸೀಟು ಸಲೀಸು ಅಂತ. ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕೇಳುವುದು ಐಇಎಲ್‌ಟಿಎಸ್ ಅಥವಾ ಟೋಫೆಲ್. ಅವುಗಳ ಅಂಕ ಎರಡು ವರ್ಷದಷ್ಟು ಹಳೆಯದಾದರೆ ಸಾಮಾನ್ಯವಾಗಿ ಒಪ್ಪುವುದೂ ಇಲ್ಲ. ಹಾಗಾಗಿ ಅರ್ಜಿ ಹಾಕುವ ವರ್ಷ ದುಡ್ಡು, ಸಮಯ ಎರಡೂ ಮಿತವಾಗಿದ್ದರೆ ಮೊದಲು ಆ ಸಾಮಾನ್ಯ ಪರೀಕ್ಷೆ. ಲೀಗಲ್ ಇಂಗ್ಲಿಷ್ ಆಮೇಲೆ.

ಇನ್ನು ವಿಶ್ವವಿದ್ಯಾಲಯಗಳೇ ನಡೆಸುವ, ಎಲ್‌ಎಲ್‌ಎಂಗೆ ಮುಂಚಿನ ಲೀಗಲ್ ಇಂಗ್ಲಿಷ್ ಕೋರ್ಸ್‌ಗಳು. ದುಬಾರಿ, ಆದರೆ ಸೀಟು ಸಿಕ್ಕವರಿಗೆ ಬೆಲೆ ಇದೆ. ತೀರ್ಪು ಓದಿ ಕೇಸ್ ಬ್ರೀಫ್ ಮಾಡುವುದು, ಸಮಸ್ಯೆ-ನಿಯಮ-ಅನ್ವಯ-ತೀರ್ಮಾನ ಅನ್ನುವ ಐರ‍್ಯಾಕ್ ಕ್ರಮದಲ್ಲಿ ಉತ್ತರ ಬರೆಯುವುದು, ಇಂಗ್ಲೆಂಡಿನಲ್ಲಾದರೆ ಆಸ್ಕೋಲಾ, ಅಮೆರಿಕದಲ್ಲಾದರೆ ಬ್ಲೂಬುಕ್ ಪ್ರಕಾರ ಉಲ್ಲೇಖ ಕೊಡುವುದು. ಇದೆಲ್ಲ ಪರೀಕ್ಷೆ ಬರೆಯುವವರ ಸಾಮಾನು. ಕಂಪನಿಯಲ್ಲಿ ಕೂತು ಸಪ್ಲೈ ಅಗ್ರಿಮೆಂಟ್ ನೋಡುವವರಿಗೆ ಇದರಲ್ಲಿ ಅರ್ಧವೂ ಬೇಕಾಗಿಲ್ಲ.

ತಿದ್ದುವುದು ಅಂದರೆ ಏನು

ಈ ಭಾಗದ ಮೇಲೆ ನಾನು ಜಾಸ್ತಿ ಒತ್ತು ಕೊಡುತ್ತಿದ್ದೇನೆ, ಬೇಕೆಂದೇ. ಕಾರಣಕ್ಕೆ ಒಂದು ಕೇಸ್ ನೋಡಿ.

ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೇರಿ ಅನ್ನುವ ಹಾಲಿನ ಕಂಪನಿಯ ಮೇಲೆ ಅದರ ಡ್ರೈವರ್‌ಗಳು ಓವರ್‌ಟೈಮ್ ಹಣಕ್ಕಾಗಿ ದಾವೆ ಹೂಡಿದರು. ಯಾವ ಯಾವ ಕೆಲಸಕ್ಕೆ ಓವರ್‌ಟೈಮ್ ಇಲ್ಲ ಅಂತ ರಾಜ್ಯದ ಕಾಯಿದೆಯಲ್ಲಿ ಒಂದು ಪಟ್ಟಿ ಇತ್ತು. ಒಣಗಿಸುವುದು, ಶೇಖರಿಸುವುದು, ಹೀಗೆ ಸಾಗಿ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಅಂತ ಇತ್ತು. 'ಆರ್'ಗೆ ಮುಂಚೆ ಅಲ್ಪವಿರಾಮ ಇರಲಿಲ್ಲ. ಹಂಚುವುದು ಪಟ್ಟಿಯಲ್ಲಿನ ಬೇರೆಯೇ ಕೆಲಸವೋ, ಅಥವಾ ಸಾಗಿಸಲು ಇಲ್ಲವೇ ಹಂಚಲು ಪ್ಯಾಕ್ ಮಾಡುವುದು ಅಂತ ಒಂದೇ ಕೆಲಸವೋ? ಡ್ರೈವರ್‌ಗಳು ಹಂಚುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. ಅರ್ಥ ಅಸ್ಪಷ್ಟ ಅಂತ 2017ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು, ಡ್ರೈವರ್‌ಗಳ ಪರ ನಿಂತಿತು. ಮುಂದಿನ ವರ್ಷ 50 ಲಕ್ಷ ಡಾಲರ್‌ಗೆ ರಾಜಿಯಾಯಿತು.

ನಿಮ್ಮ ಬರಹದಲ್ಲಿ ಇಂಥ ಬಿರುಕು ಎಲ್ಲಿದೆ ಅಂತ ಕ್ವಿಜ್ ತೋರಿಸುವುದಿಲ್ಲ. ಬರೀ ವ್ಯಾಕರಣ ನೋಡುವ ಮೇಷ್ಟ್ರೂ ತೋರಿಸುವುದಿಲ್ಲ. 'ಮಾರುವವರು 30 ದಿನಗಳೊಳಗೆ ಸರಕು ತಲುಪಿಸಬೇಕು' ಅಂತ ನೀವು ಇಂಗ್ಲಿಷ್‌ನಲ್ಲಿ ಬರೆದಿರಿ ಅನ್ನಿ. ವ್ಯಾಕರಣ ಸರಿಯಿದೆ. ಭಾಷಾ ಶಿಕ್ಷಕರು 'ಗುಡ್' ಅಂತ ಹಾಕುತ್ತಾರೆ. ಕರಾರು ಬರೆದು ಪಳಗಿದವರು ಅಂಚಿನಲ್ಲಿ ಪ್ರಶ್ನೆಗಳನ್ನು ಹಾಕುತ್ತಾರೆ. ಯಾವ ದಿನದಿಂದ 30? ಆ ದಿನ ಸೇರಿಯೋ ಬಿಟ್ಟೋ? ರಜಾದಿನಗಳೂ ಲೆಕ್ಕಕ್ಕೋ? ತಲುಪಿಸುವುದು ಅಂದರೆ ಎಲ್ಲಿಗೆ? ತಡವಾದರೆ ಏನು? ಐದನೇ ಕಲಮಿನಲ್ಲಿ 'ಗೂಡ್ಸ್' ಅಂದವರು ಏಳರಲ್ಲಿ 'ಪ್ರಾಡಕ್ಟ್ಸ್' ಅಂದಿದ್ದೀರಿ, ಎರಡೂ ಒಂದೇನಾ?

ಆ ಕೊನೆಯ ಪ್ರಶ್ನೆ ನಮ್ಮಂಥವರಿಗೆ ಮುಖ್ಯ. ಒಂದೇ ಪದ ಮತ್ತೆ ಮತ್ತೆ ಬಂದರೆ ಬರಹ ಸಪ್ಪೆ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಕರಾರಿನಲ್ಲಿ ಉಲ್ಟಾ. ಒಂದು ವಸ್ತುವಿಗೆ ಮೊದಲಿನಿಂದ ಕೊನೆವರೆಗೆ ಒಂದೇ ಹೆಸರು. ಹೆಸರು ಬದಲಾದರೆ ವಸ್ತುವೂ ಬದಲಾಯಿತು ಅಂತ ಎದುರು ವಕೀಲರು ವಾದಿಸುತ್ತಾರೆ. ಈ ಅಭ್ಯಾಸ ಬಿಡಿಸಲು ಯಾರಾದರೂ ನಿಮ್ಮ ಹಾಳೆಯ ಮೇಲೆ ನಾಲ್ಕಾರು ಸಲ ಗೆರೆ ಎಳೆಯಲೇಬೇಕು.

ಹಾಗಾಗಿ ಯಾವ ಕೋರ್ಸ್ ಆದರೂ ಸರಿ, ದುಡ್ಡು ಕಟ್ಟುವ ಮುಂಚೆ ನಾಲ್ಕು ಮಾತು ಕೇಳಿ. ಮನುಷ್ಯರು ತಿದ್ದಿ ಕೊಡುವ ಬರವಣಿಗೆಯ ಕೆಲಸ ಒಟ್ಟು ಎಷ್ಟು? ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ? ತಿದ್ದಿದ ಮೇಲೆ ಮತ್ತೆ ಬರೆದು ಕೊಟ್ಟರೆ ಎರಡನೇ ಸಲ ನೋಡುತ್ತೀರಾ? ಹಿಂದಿನ ಯಾರದ್ದಾದರೂ ತಿದ್ದಿದ ಹಾಳೆಯನ್ನು, ಹೆಸರು ತೆಗೆದು, ತೋರಿಸುತ್ತೀರಾ? ಕೊನೆಯದಕ್ಕೆ ಸಿಗುವ ಉತ್ತರ ಜಾಹೀರಾತಿನ ಹತ್ತು ಪುಟಕ್ಕಿಂತ ಜಾಸ್ತಿ ಹೇಳುತ್ತದೆ.

ಒಬ್ಬರಿಗೊಬ್ಬರು ಪಾಠ

ಗಂಟೆಯ ಲೆಕ್ಕದಲ್ಲಿ ದುಬಾರಿ. ಆದರೆ ಆ ಗಂಟೆ ಪೂರ್ತಿ ನಿಮ್ಮ ಬರಹದ ಮೇಲೆಯೇ ಹೋಗುತ್ತದೆ. ಕಲಿಸುವವರು ಯಾರು ಅನ್ನುವುದೇ ಇಲ್ಲಿ ಎಲ್ಲ. ಇಂಗ್ಲಿಷ್ ಚೆನ್ನಾಗಿ ಕಲಿಸುವವರಿಗೆ ಇಂಡೆಮ್ನಿಟಿಗೂ ಗ್ಯಾರಂಟಿಗೂ ವ್ಯತ್ಯಾಸ ಗೊತ್ತಿಲ್ಲದಿರಬಹುದು. ದೊಡ್ಡ ವಕೀಲರಿಗೆ, ಹೊರಗಿನವರಿಗೆ ಆರ್ಟಿಕಲ್ ಯಾಕೆ ತೊಡಕು ಅನ್ನುವುದು ಹೊಳೆಯದಿರಬಹುದು. ಎರಡೂ ಬಲ್ಲವರು ಸಿಗುವುದು ಅಪರೂಪ. ಒಬ್ಬರನ್ನೇ ಆರಿಸಬೇಕಾದರೆ ಕಾನೂನಿನ ಕೆಲಸ ಮಾಡಿ ಬಂದವರನ್ನು ಆರಿಸಿ. ವ್ಯಾಕರಣ ತಿದ್ದಲು ಬೇರೆ ದಾರಿಗಳಿವೆ.

ನಿಮ್ಮ ಕಚೇರಿಯ ನಿಜವಾದ ಕರಾರನ್ನೇ ಪಾಠಕ್ಕೆ ತಗೊಂಡು ಹೋಗುವ ಆಸೆ ಬರುತ್ತದೆ. ಬೇಡ. ಕಕ್ಷಿದಾರರ ಗುಟ್ಟು ಕಾಪಾಡುವುದು ವಕೀಲರ ಕರ್ತವ್ಯ, ಮೇಷ್ಟ್ರಿಗೂ ಅದನ್ನು ತೋರಿಸುವಂತಿಲ್ಲ. ಹೆಸರು, ಮೊತ್ತ ಬದಲಾಯಿಸಿದರೂ ವ್ಯವಹಾರ ಯಾವುದು ಅಂತ ಗೊತ್ತಾಗುವ ಹಾಗಿದ್ದರೆ ಬೇಡವೇ ಬೇಡ.

ಕೋರ್ಸ್ ಇಲ್ಲದೆ, ಅಥವಾ ಕೋರ್ಸ್ ಜೊತೆಗೆ

ಗುಟ್ಟಿಲ್ಲದ ನಿಜವಾದ ದಾಖಲೆಗಳು ರಾಶಿ ಬಿದ್ದಿವೆ. ಅಮೆರಿಕದ ಷೇರುಪೇಟೆ ನಿಯಂತ್ರಕರ ಎಡ್ಗರ್ ತಾಣದಲ್ಲಿ ಕಂಪನಿಗಳು ತಮ್ಮ ಮುಖ್ಯ ಕರಾರುಗಳನ್ನು ವರದಿಯ ಜೊತೆ ಲಗತ್ತಿಸಿರುತ್ತವೆ. 'ಎಕ್ಸಿಬಿಟ್ 10' ಅಂತ ಗುರುತಿರುವವು ಅವೇ. ಸಾಲದ ಕರಾರು, ಉದ್ಯೋಗ ಕರಾರು, ಪರವಾನಗಿ ಕರಾರು, ದೊಡ್ಡ ದೊಡ್ಡ ಲಾ ಫರ್ಮ್‌ಗಳು ಬರೆದವು, ಬಿಟ್ಟಿಯಾಗಿ. ಬ್ರಿಟಿಷ್ ತೀರ್ಪುಗಳಿಗೆ ಬೈಲಿ ಅನ್ನುವ ಉಚಿತ ತಾಣ ಇದೆ. 2022ರ ಏಪ್ರಿಲ್‌ನಿಂದ ಅಲ್ಲಿನ ನ್ಯಾಷನಲ್ ಆರ್ಕೈವ್ಸ್ ಕೂಡ ತೀರ್ಪುಗಳನ್ನು ಹಾಕುತ್ತಿದೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪಿನ ಜೊತೆ ಪತ್ರಿಕಾ ಸಾರಾಂಶವನ್ನೂ ಕೊಡುತ್ತದೆ. ಮೊದಲು ತೀರ್ಪು ಓದಿ ಒಂದು ಪುಟದ ಸಾರಾಂಶ ನೀವೇ ಬರೆಯಿರಿ, ಆಮೇಲೆ ಅವರದ್ದನ್ನು ಪಕ್ಕದಲ್ಲಿಟ್ಟು ನೋಡಿ. ದುಡ್ಡಿಲ್ಲದೆ ಸಿಗುವ ತಿದ್ದುಪಡಿಗಳಲ್ಲಿ ಇದೇ ಉತ್ತಮ. ಕಿವಿಗೆ ಓಯೆಜ್ ತಾಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ವಾದಗಳ ಧ್ವನಿಮುದ್ರಣ ಇದೆ, ಜೊತೆಗೆ ಬರಹವೂ ಇದೆ. ನ್ಯಾಯಮೂರ್ತಿಗಳು ಮಧ್ಯೆ ಬಾಯಿ ಹಾಕಿದಾಗ ವಕೀಲರು ಹೇಗೆ ಸಾವರಿಸಿಕೊಳ್ಳುತ್ತಾರೆ ಅಂತ ಕೇಳಲು ಮಜಾ ಇರುತ್ತದೆ.

ಎಐ ಇದೆಯಲ್ಲ, ಮೇಷ್ಟ್ರು ಯಾಕೆ ಅಂತ ಕೇಳುವವರಿದ್ದಾರೆ. ವ್ಯಾಕರಣ ತಿದ್ದಲು, ಉದ್ದ ವಾಕ್ಯ ಬಿಡಿಸಿ ಹೇಳಲು ಅದು ಚೆನ್ನಾಗಿದೆ. ಆರ್ಟಿಕಲ್, ಪ್ರಿಪೊಸಿಷನ್‌ಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಓದಲು ಚೆಂದ ಮಾಡುವ ಭರದಲ್ಲಿ ಅದು ಕರಾರಿನಲ್ಲಿ ಹೆಸರಿಟ್ಟ ಪದವನ್ನೇ ಬದಲಾಯಿಸಬಹುದು, 'ಶಾಲ್' ಇದ್ದ ಕಡೆ 'ವಿಲ್' ಅಥವಾ 'ಮೇ' ಕೂರಿಸಬಹುದು. ತಪ್ಪು ಹಿಡಿಯುವಷ್ಟು ಕಲಿತವರಿಗೆ ಅದು ಸಹಾಯಕ. ಕಲಿಯದವರಿಗೆ ಅಪಾಯ. ಕೇಸ್ ಹುಡುಕಲು ಬಳಸುವವರಂತೂ ನ್ಯೂಯಾರ್ಕಿನ ಮಾಟಾ ವರ್ಸಸ್ ಏವಿಯಾಂಕಾ ಪ್ರಕರಣ ನೆನಪಿಡಬೇಕು. ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ, ಇಲ್ಲದೇ ಇರುವ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದ್ದಕ್ಕೆ 2023ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಧೀಶರು ವಕೀಲರಿಗೆ 5,000 ಡಾಲರ್ ದಂಡ ಹಾಕಿದರು. ಗುಟ್ಟಿನ ಕಾಗದ ಮೇಷ್ಟ್ರಿಗೆ ತೋರಿಸಬಾರದು ಅಂದೆನಲ್ಲ, ಅದು ಇದಕ್ಕೂ ಅನ್ವಯ.

ಹಾಗಾದರೆ ಯಾರಿಗೆ ಯಾವುದು

ಕರಾರು ಓದಿ ಒಪ್ಪಿಗೆ ಕೊಡುವುದಷ್ಟೇ ನಿಮ್ಮ ಕೆಲಸವಾದರೆ ಅಗ್ಗದ ರೆಕಾರ್ಡ್ ಕೋರ್ಸ್ ತಗೊಂಡು, ಜೊತೆಗೆ ಎಡ್ಗರ್‌ನಿಂದ ವಾರಕ್ಕೊಂದು ಕರಾರು ಓದಿ. ಇನ್ನೇನೂ ಬೇಡ.

ಕರಾರು, ಪತ್ರ, ನೋಟಿಸ್ ಬರೆಯುವವರಿಗೆ ನನ್ನ ಸಲಹೆ ರೆಕಾರ್ಡ್ ಕೋರ್ಸ್ ಜೊತೆ ಒಬ್ಬರಿಗೊಬ್ಬರು ಪಾಠದ ಕೆಲವೇ ಗಂಟೆಗಳು. ವಿವರಣೆಯನ್ನು ವಿಡಿಯೊದಿಂದ ಪಡೆಯಿರಿ, ದುಬಾರಿ ಗಂಟೆಗಳನ್ನು ತಿದ್ದಿಸಿಕೊಳ್ಳಲು ಮಾತ್ರ ಇಟ್ಟುಕೊಳ್ಳಿ. ಅಷ್ಟೇ ದುಡ್ಡಿಗೆ ಸಿಗುವ ಮಧ್ಯಮ ಗಾತ್ರದ ಲೈವ್ ಬ್ಯಾಚಿಗಿಂತ ಇದು ಹೆಚ್ಚು ಕಲಿಸುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಧ್ಯಸ್ಥಿಕೆ, ಚೌಕಾಸಿ, ವಾದ ಮಾಡುವವರು ಮಾತ್ರ ಚಿಕ್ಕ ಲೈವ್ ಬ್ಯಾಚ್ ಹುಡುಕಬೇಕು.

ಅನುವಾದಕರ ಅಗತ್ಯ ಸ್ವಲ್ಪ ಬೇರೆ. ಅವರಿಗೆ ಚೌಕಾಸಿ ಬೇಡ, ಎರಡು ಕಾನೂನು ವ್ಯವಸ್ಥೆಗಳನ್ನು ಪಕ್ಕಪಕ್ಕ ಇಟ್ಟು ಯಾವುದಕ್ಕೆ ಯಾವುದು ಸಮ, ಯಾವುದಕ್ಕೆ ಸಮವೇ ಇಲ್ಲ ಅಂತ ಹೇಳುವ ಕೋರ್ಸ್ ಬೇಕು. ಬರೀ ಪದಪಟ್ಟಿ ಕೊಡುವ ಕೋರ್ಸ್ ಅವರಿಗೆ ನಷ್ಟ. ಅದಕ್ಕೆ ನಿಘಂಟು ಸಾಕು. ಕೆಲಸ ಹುಡುಕುತ್ತಿರುವ ಹೊಸಬರು ಪರೀಕ್ಷೆಯ ದಾರಿ ಹಿಡಿಯಬಹುದು. ಆದರೆ ತಾವು ಸೇರಬೇಕೆಂದಿರುವ ಕಡೆ ಆ ಸರ್ಟಿಫಿಕೇಟ್‌ನ ಹೆಸರು ಕೇಳಿದ್ದಾರೆಯೇ ಅಂತ ಮೊದಲು ವಿಚಾರಿಸಿಕೊಳ್ಳಲಿ.

ಆರಿಸಿ ದುಡ್ಡು ಕಟ್ಟಿದ ಮೇಲೂ ಒಂದು ಕೆಲಸ ಇದೆ. ಹಲವು ಕೋರ್ಸ್‌ಗಳಲ್ಲಿ ಮೊದಲ ಕೆಲವು ದಿನ ಹಣ ವಾಪಸ್ ಪಡೆಯುವ ಅವಕಾಶ ಇರುತ್ತದೆ. ಆ ಗಡುವು ಎಂದು ಮುಗಿಯುತ್ತದೆ ಅಂತ ಬರೆದಿಟ್ಟುಕೊಳ್ಳಿ. ವಿಡಿಯೊ ನೋಡುತ್ತಾ ಕೂರದೆ, ಮೊದಲ ಬರವಣಿಗೆಯ ಕೆಲಸವನ್ನು ಆ ಗಡುವಿಗೆ ಮುಂಚೆಯೇ ಮಾಡಿ ಕಳಿಸಿ. ದಿನಾಂಕ ಹಾಕದ 30 ದಿನ, ಒಂದೇ ವಸ್ತುವಿಗೆ ಎರಡು ಹೆಸರು, ಇಂಥ ಒಂದೆರಡು ತಪ್ಪುಗಳನ್ನು ಬೇಕಂತಲೇ ಅದರಲ್ಲಿ ಬಿಡಿ. ಅವನ್ನು ಹಿಡಿದು ಪ್ರಶ್ನೆ ಕೇಳಿದ್ದರೆ ಮುಂದುವರಿಯಿರಿ. 'ವೆಲ್ ಡನ್' ಅಂತ ಬಂದರೆ ಅದೇ ದಿನ ಹಣ ವಾಪಸ್ ಕೇಳಿ.